4,000 ಗಂಟೆ ದಾಟಿದೆ, ಆದರೂ ಮಾನಿಟೈಸೇಷನ್ ಯಾಕೆ ಸಿಗಲಿಲ್ಲ?

ಪ್ರಶ್ನೆ: ಕಾಡುಪ್ರಾಣಿಗಳ ಬಗ್ಗೆ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೇನೆ. 1,000 ಸಬ್‌ಸ್ಕ್ರೈಬರ್, ಜನ ವಿಡಿಯೊ ನೋಡಿದ 4,000 ಗಂಟೆ ಎರಡೂ ದಾಟಿದ ಮೇಲೆ ಮಾನಿಟೈಸೇಷನ್‌ಗೆ, ಅಂದರೆ ವಿಡಿಯೊಗಳಿಂದ ಹಣ ಗಳಿಸಲು, ಅರ್ಜಿ ಹಾಕಿದೆ. 'ರೀಯೂಸ್ಡ್ ಕಂಟೆಂಟ್' (ಬೇರೆಯವರದ್ದನ್ನೇ ಮತ್ತೆ ಬಳಸಿದ್ದು) ಅಂತ ರಿಜೆಕ್ಟ್ ಮಾಡಿದ್ದಾರೆ. ಬೇರೆಯವರ ಕ್ಲಿಪ್ ಜೋಡಿಸಿ, ಕೆಳಗೆ ಬರಹ, ಹಿಂದೆ ಸಂಗೀತ ಹಾಕುತ್ತೇನೆ, ನಿಜ. ಆದರೆ ಎಲ್ಲವೂ ಯಾರು ಬೇಕಾದರೂ ಬಳಸಬಹುದಾದ ಕ್ಲಿಪ್‌ಗಳು. ಒಂದೇ ಒಂದು ಕಾಪಿರೈಟ್ ಸ್ಟ್ರೈಕ್ (ಹಕ್ಕುಸ್ವಾಮ್ಯ ಮುರಿದಿದ್ದಕ್ಕೆ ಕೊಡುವ ಎಚ್ಚರಿಕೆ) ಬಂದಿಲ್ಲ. ಮತ್ತೆ ಯಾಕೆ ಹೀಗೆ? ಮುಂದೇನು ಮಾಡಲಿ?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಅಷ್ಟು ಗಂಟೆ ಕೂಡಿಸುವುದು ಸುಲಭದ ಮಾತಲ್ಲ. ಆದರೆ ನೀವು ಎರಡು ಬೇರೆ ಬೇರೆ ನಿಯಮಗಳನ್ನು ಒಂದೇ ಅಂದುಕೊಂಡಿದ್ದೀರಿ. ಕಾಪಿರೈಟ್ ಕೇಳುವುದು, ಈ ಕ್ಲಿಪ್ ಬಳಸಲು ನಿಮಗೆ ಹಕ್ಕಿದೆಯೇ ಅಂತ. ರೀಯೂಸ್ಡ್ ಕಂಟೆಂಟ್ ನಿಯಮ ಕೇಳುವುದು, ಈ ವಿಡಿಯೊದಲ್ಲಿ ನೀವು ಮಾಡಿದ್ದು ಏನಿದೆ ಅಂತ. ಕ್ಲಿಪ್‌ನ ಒಡೆಯರೇ ಒಪ್ಪಿಗೆ ಕೊಟ್ಟಿದ್ದರೂ ಎರಡನೇ ಪ್ರಶ್ನೆ ಹಾಗೇ ಉಳಿಯುತ್ತದೆ. ಸ್ಟ್ರೈಕ್ ಇಲ್ಲ ಅನ್ನುವುದು ಅದಕ್ಕೆ ಉತ್ತರ ಆಗುವುದಿಲ್ಲ.

1,000 ಮತ್ತು 4,000 ಅನ್ನುವ ಲೆಕ್ಕ ಅರ್ಜಿ ಹಾಕುವುದಕ್ಕೆ ಮಾತ್ರ. 2018ರಲ್ಲಿ ಈ ಲೆಕ್ಕ ಬಂದಾಗಿನಿಂದ ಜನ ಅದರ ಹಿಂದೆಯೇ ಓಡುತ್ತಾರೆ. ಅದು ಮುಗಿದ ಮೇಲೆ ನಿಜವಾದ ಪರಿಶೀಲನೆ ಶುರುವಾಗುತ್ತದೆ, ಇದಕ್ಕೆ ಸಾಮಾನ್ಯವಾಗಿ ಒಂದು ತಿಂಗಳು ಹಿಡಿಯಬಹುದು. ಎಲ್ಲ ವಿಡಿಯೊಗಳನ್ನೂ ನೋಡಲು ಆಗುವುದಿಲ್ಲವಲ್ಲ, ಹಾಗಾಗಿ ಚಾನೆಲ್‌ನ ಮುಖ್ಯ ವಿಷಯ, ಅತಿ ಹೆಚ್ಚು ವ್ಯೂ ಬಂದ ವಿಡಿಯೊಗಳು, ಹೊಸ ವಿಡಿಯೊಗಳು, ವಾಚ್ ಟೈಮ್‌ನ ದೊಡ್ಡ ಪಾಲು ತಂದುಕೊಟ್ಟ ವಿಡಿಯೊಗಳು, ಜೊತೆಗೆ ಟೈಟಲ್, ಥಂಬ್‌ನೇಲ್, ವಿವರಣೆ ಇವುಗಳ ಮೇಲೆ ಹೆಚ್ಚು ಗಮನ ಇರುತ್ತದೆ. ನಿಮ್ಮ ವಿಡಿಯೊಗಳನ್ನು ಈ ಸಾಲಿನಲ್ಲಿ ಇಟ್ಟು ನೀವೇ ನೋಡಿ. ಕ್ಲಿಪ್ ತೆಗೆದುಬಿಟ್ಟರೆ ಏನು ಉಳಿಯುತ್ತದೆ? ನಾಲ್ಕು ಸಾಲು ಬರಹ ಮಾತ್ರ ಉಳಿದರೆ ಉತ್ತರ ಸಿಕ್ಕಿತು.

ಬೇರೆಯವರ ಕ್ಲಿಪ್ ಬಳಸಲೇಬಾರದು ಅಂತಲ್ಲ. ಅದು ನಿಮ್ಮ ಮಾತಿಗೆ ಸಾಕ್ಷಿಯಾಗಿ ಬರಬೇಕು. ಆನೆ ಕಿವಿ ಬೀಸುವ ದೃಶ್ಯ ಇದೆ ಅನ್ನೋಣ. ಅದನ್ನು ಸಂಗೀತದ ಜೊತೆ ಸುಮ್ನೆ ಓಡಿಸಿದರೆ ಅದು ಕ್ಯಾಮೆರಾ ಹಿಡಿದವರ ಕೆಲಸ. ಅದೇ ದೃಶ್ಯವನ್ನು ನಿಲ್ಲಿಸಿ, ಆ ದೊಡ್ಡ ಕಿವಿಯ ತುಂಬ ರಕ್ತನಾಳಗಳಿವೆ, ಬೀಸಿದಾಗ ರಕ್ತ ತಣ್ಣಗಾಗಿ ಮೈ ತಂಪಾಗುತ್ತದೆ ಎಂದು ನಿಮ್ಮ ಧ್ವನಿಯಲ್ಲಿ ವಿವರಿಸಿದರೆ, ಅದು ನಿಮ್ಮ ವಿಡಿಯೊ. ಸ್ಕ್ರಿಪ್ಟ್ ಮೊದಲು ಬರೆಯಿರಿ, ಕ್ಲಿಪ್ ಆಮೇಲೆ ಹುಡುಕಿ. ಮುಖ ತೋರಿಸುವುದು ಕಡ್ಡಾಯವಲ್ಲ. ಆದರೆ ಮುಖವೋ ಧ್ವನಿಯೋ ಇದ್ದರೆ ಇದರ ಹಿಂದೆ ಯಾರೋ ಕೂತು ಯೋಚಿಸಿದ್ದಾರೆ ಎಂದು ಪರಿಶೀಲಿಸುವವರಿಗೆ ಬೇಗ ಗೊತ್ತಾಗುತ್ತದೆ.

ಎಐ ಧ್ವನಿ ಬಳಸಿದರೆ ರಿಜೆಕ್ಟ್ ಮಾಡುತ್ತಾರಂತೆ ಅಂತ ತುಂಬ ಜನ ಕೇಳುತ್ತಾರೆ. ಎಐ ಬಳಸಿದ್ದೇ ತಪ್ಪು ಎಂಬ ನಿಯಮ ಇಲ್ಲ. ಒಂದೇ ಅಚ್ಚಿನಲ್ಲಿ ಹೆಸರು, ಚಿತ್ರ ಮಾತ್ರ ಬದಲಿಸಿ ರಾಶಿ ರಾಶಿ ವಿಡಿಯೊ ಹಾಕುವುದು ತಪ್ಪು. 2025ರ ಜುಲೈ 15ರಿಂದ ಯೂಟ್ಯೂಬ್ ಆ ನಿಯಮಕ್ಕೆ 'ಇನ್‌ಅಥೆಂಟಿಕ್ ಕಂಟೆಂಟ್' (ಅಸಲಿಯಲ್ಲದ ವಿಷಯ) ಎಂದು ಹೊಸ ಹೆಸರು ಕೊಟ್ಟಿದೆ. ಆದರೂ ನಿಮ್ಮ ಸ್ವಂತ ಧ್ವನಿ ಇದ್ದರೆ ಅದನ್ನೇ ಬಳಸಿ ಅಂತಲೇ ನಾನು ಹೇಳುವುದು.

ಈಗ ನಿಮ್ಮ ಮುಂದೆ ಎರಡು ದಾರಿ ಇವೆ. ಮೊದಲನೆಯದು ಅಪೀಲು, ಅದನ್ನು 21 ದಿನಗಳ ಒಳಗೆ ಹಾಕಬೇಕು. ಐದು ನಿಮಿಷ ಮೀರದ ವಿಡಿಯೊ ಮಾಡಿ, ಸ್ಕ್ರಿಪ್ಟ್ ಹೇಗೆ ಬರೆಯುತ್ತೀರಿ, ಎಡಿಟ್ ಹೇಗೆ ಮಾಡುತ್ತೀರಿ ಎಂದು ತೋರಿಸಬಹುದು. ನಿಮ್ಮ ಕೆಲಸ ನಿಜವಾಗಿ ಇದ್ದು ಅವರ ಕಣ್ಣಿಗೆ ಬಿದ್ದಿಲ್ಲ ಅನ್ನುವವರಿಗೆ ಇದು ಒಳ್ಳೆಯ ದಾರಿ. ನೀವು ಹೇಳಿದ್ದನ್ನು ನೋಡಿದರೆ ನಿಮಗೆ ಇದರಿಂದ ಪ್ರಯೋಜನ ಕಡಿಮೆ. ಎರಡನೆಯದು, ಚಾನೆಲ್ ಸರಿಮಾಡಿ ಮತ್ತೆ ಅರ್ಜಿ ಹಾಕುವುದು. ಮೊದಲ ಸಲ ರಿಜೆಕ್ಟ್ ಆದವರು 30 ದಿನ ಕಾಯಬೇಕು, ಆಮೇಲಿನ ಪ್ರತಿ ಸಲಕ್ಕೆ 90 ದಿನ. ಹಾಗಾಗಿ 30 ದಿನ ತುಂಬಿತು ಅಂತ ಅವಸರ ಮಾಡಬೇಡಿ. ಇನ್ನೊಂದು ರಿಜೆಕ್ಟ್ ಆದರೆ ಮೂರು ತಿಂಗಳು ಹೋಗುತ್ತದೆ.

ಹಳೆಯ ವಿಡಿಯೊ ಅಳಿಸುವ ಮುಂಚೆ ಲೆಕ್ಕ ನೋಡಿಕೊಳ್ಳಿ. ಅಳಿಸಿದ, ಪ್ರೈವೇಟ್ ಮಾಡಿದ, ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ) ಮಾಡಿದ ವಿಡಿಯೊಗಳ ಗಂಟೆಗಳು 4,000ದಿಂದ ಹೊರಗೆ ಹೋಗುತ್ತವೆ. ಲೆಕ್ಕ ಹಿಡಿಯುವುದೂ ಕಳೆದ 12 ತಿಂಗಳದ್ದು ಮಾತ್ರ. ಮೊದಲು ಹೊಸ ರೀತಿಯ ವಿಡಿಯೊಗಳನ್ನು ಹಾಕುತ್ತಾ ಬನ್ನಿ. ಅವು ಗಂಟೆ ತರಲು ಶುರುಮಾಡಿದ ಮೇಲೆ ಹಳೆಯವನ್ನು ಒಂದೊಂದಾಗಿ ತೆಗೆಯಿರಿ.

ಪ್ರಶ್ನೆ: ನನ್ನ ಶಾರ್ಟ್ಸ್‌ಗೆ ಲಕ್ಷಗಟ್ಟಲೆ ವ್ಯೂ ಬರುತ್ತಿದೆ. ವಾಚ್ ಅವರ್ಸ್ ಮಾತ್ರ ಏರುತ್ತಲೇ ಇಲ್ಲ, ಯಾಕೆ?

ಉತ್ತರ: ಶಾರ್ಟ್ಸ್ ಫೀಡ್‌ನಲ್ಲಿ ಜನ ನೋಡಿದ ಸಮಯ 4,000 ಗಂಟೆಗೆ ಸೇರುವುದಿಲ್ಲ. ಶಾರ್ಟ್ಸ್‌ಗೆ ಬೇರೆ ಲೆಕ್ಕ: 1,000 ಸಬ್‌ಸ್ಕ್ರೈಬರ್ ಜೊತೆಗೆ 90 ದಿನಗಳಲ್ಲಿ 1 ಕೋಟಿ ವ್ಯೂ. ಇದಕ್ಕಿಂತ ಕೆಳಗಿನ ಮೆಟ್ಟಿಲು 2023ರಲ್ಲಿ ಬಂತು. 500 ಸಬ್‌ಸ್ಕ್ರೈಬರ್, 90 ದಿನಗಳಲ್ಲಿ 3 ಅಪ್‌ಲೋಡ್, ಜೊತೆಗೆ 12 ತಿಂಗಳಲ್ಲಿ 3,000 ಗಂಟೆ ಅಥವಾ 90 ದಿನಗಳಲ್ಲಿ 30 ಲಕ್ಷ ಶಾರ್ಟ್ಸ್ ವ್ಯೂ. ಆ ಮೆಟ್ಟಿಲಲ್ಲಿ ಮೆಂಬರ್‌ಶಿಪ್, ಸೂಪರ್ ಚಾಟ್ ತರಹದ್ದು, ಅಂದರೆ ನೋಡುಗರೇ ನೇರವಾಗಿ ಕೊಡುವ ಹಣ ಸಿಗುತ್ತದೆ, ಜಾಹೀರಾತಿನ ಹಣ ಸಿಗುವುದಿಲ್ಲ. ಜಾಹೀರಾತು ಸಿಕ್ಕ ಮೇಲೂ ದೊಡ್ಡ ವಿಡಿಯೊಗೆ ನಿಮ್ಮ ಪಾಲು 55%, ಶಾರ್ಟ್ಸ್‌ಗೆ 45%. ವಿಷಯ ಹಿಡಿದು ಮಾತಾಡಬಲ್ಲವರಾದರೆ ದೊಡ್ಡ ವಿಡಿಯೊಗಳನ್ನೂ ಮಾಡಿ.

ಪ್ರಶ್ನೆ: ನೀನು ನನಗೆ, ನಾನು ನಿನಗೆ ಎಂದು ಸಬ್‌ಸ್ಕ್ರೈಬ್ ಮಾಡಿಕೊಳ್ಳುವ ಗುಂಪಿಗೆ ಸೇರಬಹುದಾ? ಹಣ ಯಾವಾಗ ಕೈಗೆ ಬರುತ್ತದೆ?

ಉತ್ತರ: ಸೇರಬೇಡಿ. ಅದು ಯೂಟ್ಯೂಬ್ ನಿಯಮಕ್ಕೆ ವಿರುದ್ಧ, ಚಾನೆಲ್ಲೇ ಹೋಗಬಹುದು. ಹಾಗೆ ಬಂದವರು ನಿಮ್ಮ ವಿಡಿಯೊ ನೋಡುವುದೂ ಇಲ್ಲ.

ಹಣ ಬರುವುದು ಗೂಗಲ್‌ನ ಆಡ್‌ಸೆನ್ಸ್ ಖಾತೆಯ ಮೂಲಕ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಪಿನ್ ಕಳಿಸುತ್ತಾರೆ, 100 ಡಾಲರ್ ಮುಟ್ಟಿದ ಮೇಲೆ ಹಣ ಬಿಡುಗಡೆ ಮಾಡುತ್ತಾರೆ. ಹೆಸರನ್ನು ನಿಮ್ಮ ಗುರುತಿನ ಚೀಟಿ ಮತ್ತು ಬ್ಯಾಂಕ್ ಖಾತೆಯಲ್ಲಿ ಇರುವಂತೆಯೇ ತುಂಬಿ. ಚಾನೆಲ್ ಹೆಸರು ಅಲ್ಲಿ ಹಾಕಬೇಡಿ. ನಿಮ್ಮ ಹೆಸರಿನಲ್ಲಿ ಹಳೆಯ ಆಡ್‌ಸೆನ್ಸ್ ಖಾತೆ ಇದ್ದರೆ ಹೊಸದು ತೆರೆಯದೆ ಅದನ್ನೇ ಚಾನೆಲ್‌ಗೆ ಜೋಡಿಸಿ.