ಪ್ರತಿಕ್ರಿಯೆ: ಶೋಕೇಸ್ ಅರ್ಜಿ ವಾಪಸ್ ಬಂದರೆ ಮೊದಲು ರಿಜಿಸ್ಟರ್ ನೋಡಿ

ನಿಮ್ಮ ಸಣ್ಣ ಮ್ಯೂಸಿಯಂನ ಹೊಸ ಶೋಕೇಸಿಗೆ ನೆರವು ಕೇಳಿದ ಅರ್ಜಿಯನ್ನು ಪ್ರಾದೇಶಿಕ ಮ್ಯೂಸಿಯಂ ನೆರವು ಕೇಂದ್ರ ‘ವಿವರ ಸಾಲದು’ ಎಂದು ವಾಪಸ್ ಕಳಿಸಿದ್ದಕ್ಕೆ ಕಾರಣ ಬಹುಶಃ ವಸ್ತುಗಳ ರಿಜಿಸ್ಟರ್ ಇಲ್ಲದಿರುವುದು. ನೀವು ಕೊಟ್ಟ ಸಾರಾಂಶ ನೋಡಿ ಹೇಳುತ್ತಿದ್ದೇನೆ. ಅಲ್ಲಿನ ಅಧಿಕಾರಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಮೊದಲು ರಿಜಿಸ್ಟರ್ ಶುರು ಮಾಡಿ. ಪ್ರತಿ ವಸ್ತುವಿಗೂ ಒಂದು ನಂಬರ್: ಬಂದ ವರ್ಷ, ಆ ವರ್ಷದ ಸರದಿ, ಉದಾಹರಣೆಗೆ 2024.7. ಪಕ್ಕದಲ್ಲಿ ಯಾರು ಕೊಟ್ಟರು, ದಾನವೋ ಎರವಲೋ, ಈಗ ಎಲ್ಲಿದೆ, ಸ್ಥಿತಿ ಹೇಗಿದೆ ಅಂತ ಬರೆಯಿರಿ. ನಂಬರ್ ವಸ್ತುವಿನ ಮೇಲೂ ಇರಬೇಕು, ಇಲ್ಲಿ ಅವಸರ ಬೇಡ. ಕಾಗದಕ್ಕೆ ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲ್. ಬಟ್ಟೆಗೆ ನಂಬರ್ ಬರೆದ ಹತ್ತಿ ಪಟ್ಟಿ, ಸಡಿಲವಾಗಿ ಎರಡು ಹೊಲಿಗೆ. ನುಣುಪಾದ ಪಿಂಗಾಣಿಗೆ ಪ್ಯಾರಲಾಯ್ಡ್ ಬಿ-72 ಅನ್ನುವ, ಬೇಕಾದಾಗ ತೆಗೆಯಬಹುದಾದ ಪಾರದರ್ಶಕ ಅಕ್ರಿಲಿಕ್ ಲೇಪದ ತೆಳು ಪದರ, ಅದು ಒಣಗಿದ ಮೇಲೆ ಇಂಕಿನಲ್ಲಿ ನಂಬರ್. ಸೆಲ್ಲೋಟೇಪ್ ಮಾತ್ರ ಅಂಟಿಸಲೇಬೇಡಿ, ಅದರ ಅಂಟಿನ ಕಲೆ ಸುಲಭಕ್ಕೆ ಹೋಗಲ್ಲ.

ಆಮೇಲೆ ಸಣ್ಣದನ್ನು ಕೇಳಿ. ಇಂಥ ಕೇಂದ್ರಗಳಿಂದ ಹಣಕ್ಕಿಂತ ಸಲಹೆ, ತರಬೇತಿ, ಎರವಲು ಸಲಕರಣೆಯಿಂದಲೇ ಜಾಸ್ತಿ ಉಪಯೋಗ ಅನ್ನುವುದು ನನ್ನ ಅಭಿಪ್ರಾಯ. ಬೆಳಕು ಅಳೆಯುವ ಲಕ್ಸ್ ಮೀಟರ್ ಕೆಲವು ದಿನಕ್ಕೆ ಸಿಗುತ್ತಾ ಕೇಳಿ. ಹಳೇ ಬಟ್ಟೆ, ಕಾಗದದ ಮೇಲೆ ಸಾಮಾನ್ಯವಾಗಿ 50 ಲಕ್ಸ್ ದಾಟಬಾರದು. ನಿಮ್ಮ ಕಿಟಕಿ ಪಕ್ಕ ಅದರ ಹತ್ತು ಪಟ್ಟು ಬಂದರೆ, ಬೇರೆ ಶೋಕೇಸ್ ಯಾಕೆ ಬೇಕು ಅನ್ನೋದಕ್ಕೆ ಅದೇ ಪುರಾವೆ ಅಲ್ವಾ? ಸ್ಟೋರ್ ರೂಮ್ ತುಂಬಿದ್ದರೆ ಸಾಂಸ್ಕೃತಿಕ ವಸ್ತುಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಾಮ್‌ನ (ICCROM) ರೀ-ಆರ್ಗ್ (RE-ORG), ಅಂದರೆ ಸ್ಟೋರ್ ರೂಮ್ ಮತ್ತೆ ಜೋಡಿಸುವ ವಿಧಾನದ ಬಗ್ಗೆಯೂ ವಿಚಾರಿಸಿ. ಸಣ್ಣ ಮ್ಯೂಸಿಯಂಗಳನ್ನು ಮನಸ್ಸಲ್ಲಿಟ್ಟು ಮಾಡಿದ್ದು ಅದು.

ರಿಜಿಸ್ಟರ್ ಪೂರ್ತಿ ಆಗಲಿ ಅಂತ ಸುಮ್ನೆ ಕಾಯಬೇಡಿ. ಶೋಕೇಸಿನಲ್ಲಿ ಇಡುವ ವಸ್ತುಗಳನ್ನು ಮೊದಲು ದಾಖಲಿಸಿ, ಆ ಪುಟಗಳ ಪ್ರತಿ, ಫೋಟೋ, ಮೀಟರ್ ಅಳತೆ ಸೇರಿಸಿ ಮತ್ತೆ ಅರ್ಜಿ ಹಾಕಿ.