ಮೆತ್ತನೆ ಅಗಾರ್ ಪ್ಲೇಟಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಸಕ್ಕರೆ ಕಡೆ ಹೋಗ್ತಾನೇ ಇಲ್ಲ. ತಲೆ ಹತ್ರದ, ಬಾಲದ ಹತ್ರದ ಸಕ್ಕರೆ ಹೋಲಿಸಿ ದಿಕ್ಕು ಹಿಡಿಯುತ್ತೆ ತಾನೇ? ಗ್ಲೂಕೋಸ್ ಜಾಸ್ತಿ ಮಾಡ್ಲಾ, ಇಲ್ಲ ಪ್ಲೇಟ್ ಬಿಟ್ಟು ಕ್ಯಾಪಿಲರಿ ವಿಧಾನಕ್ಕೆ (ಸಕ್ಕರೆ ದ್ರವ ತುಂಬಿದ ಸಣ್ಣ ನಳಿಕೆಯೊಳಗೆ ಎಷ್ಟು ಬ್ಯಾಕ್ಟೀರಿಯಾ ಬರ್ತವೆ ಅಂತ ಎಣಿಸೋದು) ಹೋಗ್ಲಾ?

ಎರಡೂ ಬೇಡ, ಸದ್ಯಕ್ಕೆ.

ನೀವು ಬರೆದಿರೋದು ಓದ್ತಾ ನನ್ನ ಎಂಎಸ್ಸಿ ಪ್ರಾಜೆಕ್ಟೇ ನೆನಪಾಯ್ತು. ನಾನೂ ಮೆತ್ತನೆ ಅಗಾರ್ ಪ್ಲೇಟ್ ಮಧ್ಯ ಇ. ಕೋಲೈ ಒಂದು ಚುಕ್ಕೆ ಇಟ್ಟು ಉಂಗುರ ಹರಡುತ್ತೆ ಅಂತ ಕಾದವನು. ಹರಡಲಿಲ್ಲ. ಸಕ್ಕರೆ ಸಾಲ್ತಿಲ್ಲ ಅನ್ಕೊಂಡು ಗ್ಲೂಕೋಸ್ ಜಾಸ್ತಿ ಮಾಡ್ದೆ, ಆಮೇಲೆ ಇನ್ನೂ ಜಾಸ್ತಿ, ಸಾಲದ್ದಕ್ಕೆ ಹಿಂದಿನ ರಾತ್ರಿ ಕಲ್ಚರ್ ಬೆಳೆಸೋ ಮೀಡಿಯಾಗೂ ಗ್ಲೂಕೋಸ್ ಹಾಕ್ದೆ, ಚೆನ್ನಾಗಿ ತಿಂದು ಬಂದ್ರೆ ಚೆನ್ನಾಗಿ ಈಜ್ತವೆ ಅನ್ನೋ ಲೆಕ್ಕದಲ್ಲಿ. ಸೆಮಿಸ್ಟರ್ ಪೂರ್ತಿ ಹೋಯ್ತು, ಪ್ರಾಜೆಕ್ಟ್ ವಿಷಯಾನೇ ಬದಲಾಯಿಸ್ಬೇಕಾಯ್ತು, ನಂಗೆ ಅದು ಇವತ್ತಿಗೂ ನೋವೇ.

ಆ ಗ್ಲೂಕೋಸ್ ಏನು ಮಾಡ್ತಿತ್ತು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅದನ್ನೇ ಮಾಡೋಕೆ ಹೊರಟಿದೀರ. ಗ್ಲೂಕೋಸ್ ಧಾರಾಳವಾಗಿದ್ದಾಗ ಇ. ಕೋಲೈ ಒಳಗೆ ಸೈಕ್ಲಿಕ್ ಎಎಂಪಿ ಅನ್ನೋ ಸಂಕೇತ ಅಣು ಕಮ್ಮಿಯಾಗುತ್ತೆ, ಅದು ಕಮ್ಮಿಯಾದ್ರೆ ಫ್ಲಜೆಲ್ಲಾ, ಅಂದ್ರೆ ಈಜೋಕೆ ತಿರುಗಿಸೋ ಬಾಲದಂಥ ಎಳೆಗಳನ್ನ ಕಟ್ಟೋ ಜೀನ್‌ಗಳು ಸರಿಯಾಗಿ ಆನ್ ಆಗಲ್ಲ. ಊಟ ಪಕ್ಕದಲ್ಲೇ ಇದ್ರೆ ಹುಡುಕೋ ಯಂತ್ರ ಯಾಕೆ ಕಟ್ಬೇಕು? ಅಂದ್ರೆ ಈಜೋದನ್ನ ನೋಡೋಕೆ ಅಂತಾನೇ ಬೆಳೆಸಿದ ಕೋಶಗಳಿಗೆ ಈಜೋ ಅಂಗಾನೇ ಬರದ ಹಾಗೆ ನಾನೇ ಮಾಡಿದ್ದೆ. ಇನ್ನೊಂದು ಪ್ಲೇಟ್ ಒಳಗಿನ ಕಥೆ. ಅಲ್ಲಿ ಸಕ್ಕರೆ ಎಲ್ಲಾ ಕಡೆ ಒಂದೇ ಸಮ ಇರುತ್ತೆ, ಬ್ಯಾಕ್ಟೀರಿಯಾ ತನ್ನ ಸುತ್ತ ಇರೋದನ್ನ ತಿಂದು ಖಾಲಿ ಮಾಡಿದಾಗ ಮಾತ್ರ ಒಳಗೆ ಕಮ್ಮಿ, ಹೊರಗೆ ಜಾಸ್ತಿ ಅನ್ನೋ ವ್ಯತ್ಯಾಸ ಹುಟ್ಟುತ್ತೆ, ಉಂಗುರ ಆ ವ್ಯತ್ಯಾಸದ ಬೆನ್ನು ಹತ್ತಿ ಹೊರಗೆ ಹೋಗುತ್ತೆ. ವಿಪರೀತ ಸುರಿದ್ರೆ ಖಾಲಿ ಆಗೋದು ಯಾವಾಗ?

ಇನ್ನು ತಲೆ ಹತ್ರ ಎಷ್ಟು ಸಕ್ಕರೆ, ಬಾಲದ ಹತ್ರ ಎಷ್ಟು ಅಂತ ಹೋಲಿಸಿ ದಿಕ್ಕು ಹಿಡಿಯುತ್ತೆ ಅಂದಿದೀರಲ್ಲ, ಇ. ಕೋಲೈ ಹಾಗೆ ಮಾಡಲ್ಲ. ಇಡೀ ದೇಹ ಸುಮಾರು 2 ಮೈಕ್ರಾನ್, ಎರಡು ತುದಿ ಮಧ್ಯದ ವ್ಯತ್ಯಾಸ ತೀರಾ ಸಣ್ಣದು. ಅದು ಹೋಲಿಸೋದು ಈಗಿನದನ್ನ ಮತ್ತು ಕೆಲವು ಸೆಕೆಂಡ್ ಹಿಂದಿನದನ್ನ. 1972ರಲ್ಲಿ ಮ್ಯಾಕ್‌ನ್ಯಾಬ್ ಮತ್ತು ಕೋಶ್‌ಲ್ಯಾಂಡ್ ಅನ್ನೋ ವಿಜ್ಞಾನಿಗಳು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾನ ಆಕರ್ಷಕ ವಸ್ತು ಜಾಸ್ತಿ ಇರೋ ದ್ರವಕ್ಕೆ ಥಟ್ಟನೆ ಬೆರೆಸಿದ್ರು. ಸುತ್ತ ಎಲ್ಲಾ ಸಮ, ಯಾವ ದಿಕ್ಕಲ್ಲೂ ವ್ಯತ್ಯಾಸ ಇಲ್ಲ, ಆದ್ರೂ ಅವು ಸ್ವಲ್ಪ ಹೊತ್ತು ಉರುಳದೆ, ಅಂದ್ರೆ ನಿಂತಲ್ಲೇ ಹೊರಳಿ ದಿಕ್ಕು ಬದಲಿಸದೆ, ನೇರವಾಗಿ ಈಜಿದ್ವು! ಅದೇ ವರ್ಷ ಬರ್ಗ್ ಮತ್ತು ಬ್ರೌನ್ ಒಂದೊಂದೇ ಇ. ಕೋಲೈನ ಮೈಕ್ರೋಸ್ಕೋಪಲ್ಲಿ ಹಿಂಬಾಲಿಸಿ ತೋರಿಸಿದ್ದು, ಸುಮಾರು ಒಂದು ಸೆಕೆಂಡ್ ನೇರ ಓಟ, 0.1 ಸೆಕೆಂಡ್ ಉರುಳಾಟ, ಮತ್ತೆ ಯಾವುದೋ ದಿಕ್ಕಿಗೆ ಓಟ, ಆಕರ್ಷಕ ಅಮೈನೋ ಆಮ್ಲ ಏರ್ತಾ ಇದ್ರೆ ಓಟ ಉದ್ದ ಆಗುತ್ತೆ ಅಷ್ಟೇ.

ಒಳಗಡೆ ನಡೆಯೋದು ನನಗೆ ಇನ್ನೂ ಇಷ್ಟ. ಗ್ಯಾಲಕ್ಟೋಸ್ ಅನ್ನೋ ಸಕ್ಕರೆ ಮೊದಲು ಅದನ್ನ ಹಿಡಿಯೋ ಒಂದು ಬೈಂಡಿಂಗ್ ಪ್ರೋಟೀನಿಗೆ ಅಂಟುತ್ತೆ, ಅದು ಹೋಗಿ ಗ್ರಾಹಕ ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತೆ, ಆಗ ಕೀ-ಎ ಅನ್ನೋ ಕಿಣ್ವ ತಣ್ಣಗಾಗಿ ಕೀ-ವೈ ಅನ್ನೋ ಇನ್ನೊಂದು ಪ್ರೋಟೀನಿಗೆ ಫಾಸ್ಫೇಟ್ ಕೊಡೋದು ಕಮ್ಮಿ ಮಾಡುತ್ತೆ. ಫಾಸ್ಫೇಟ್ ಇರೋ ಕೀ-ವೈ ಫ್ಲಜೆಲ್ಲಾ ತಿರುಗಿಸೋ ಮೋಟಾರಿಗೆ ಅಂಟಿದ್ರೇನೇ ಉರುಳೋದು, ಅದು ಕಮ್ಮಿಯಾದ್ರೆ ಓಟ ಮುಂದುವರಿಯುತ್ತೆ. ಅಷ್ಟರಲ್ಲಿ ಗ್ರಾಹಕಕ್ಕೆ ಮೀಥೈಲ್ ಗುಂಪು ಅನ್ನೋ ಸಣ್ಣ ರಾಸಾಯನಿಕ ಗುರುತು ಸೇರ್ತಾ ಸೇರ್ತಾ ವ್ಯವಸ್ಥೆ ಮೊದಲಿನ ಮಟ್ಟಕ್ಕೆ ಬರುತ್ತೆ. ನೆನಪು ಅಂದ್ರೆ ಆ ಮೀಥೈಲ್ ಗುಂಪುಗಳೇ.

ಕ್ಯಾಪಿಲರಿ ವಿಧಾನ ಒಳ್ಳೇದೇ. ತಿಂದು ಅರಗಿಸಿಕೊಳ್ಳಲಾಗದ ಸಕ್ಕರೆಯ ಕಡೆಗೂ ಬ್ಯಾಕ್ಟೀರಿಯಾ ಹೋಗ್ತವೆ, ಅಂದ್ರೆ ರುಚಿ ಬೇರೆ ಊಟ ಬೇರೆ ಅಂತ ಆಡ್ಲರ್ 1969ರಲ್ಲಿ ತೋರಿಸಿದ್ದು ಅದರಿಂದಾನೇ, ನಮ್ಮ ಪ್ಲೇಟಲ್ಲಿ ಅದು ಕಾಣಲ್ಲ. ಆದ್ರೆ ಈಜದೇ ಇರೋ ಕೋಶಕ್ಕೆ ಯಾವ ವಿಧಾನವೂ ಒಂದೇ.

ನಾಳೆ ಮೊದಲು ನಿಮ್ಮ ಕಲ್ಚರ್ ಒಂದು ಹನಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿ. ಸುಮ್ನೆ ನಡುಗ್ತಾ ನಿಂತಿದ್ರೆ ಅದು ಈಜಲ್ಲ. ಗ್ಲೂಕೋಸ್ ಇಲ್ಲದ ಟ್ರಿಪ್ಟೋನ್ ಬ್ರಾತ್‌ನಲ್ಲಿ 30 ಡಿಗ್ರಿಯಲ್ಲಿ ಹೊಸದಾಗಿ ಬೆಳೆಸಿ, ಇನ್ನೂ ಬೆಳೀತಿರುವಾಗಲೇ ತೆಗೀರಿ, ವೋರ್ಟೆಕ್ಸ್ ಮಾಡ್ಬೇಡಿ (ಯಂತ್ರದಲ್ಲಿಟ್ಟು ಜೋರಾಗಿ ಅಲ್ಲಾಡಿಸ್ಬೇಡಿ), ಫ್ಲಜೆಲ್ಲಾ ಮುರಿದು ಹೋಗುತ್ತೆ. ಆಗ್ಲೂ ಈಜದಿದ್ರೆ ನಿಮ್ಮ ಸ್ಟ್ರೇನೇ, ಅಂದ್ರೆ ನೀವು ಬೆಳೆಸ್ತಿರೋ ಇ. ಕೋಲೈ ತಳಿಯೇ, ಚಲಿಸದ್ದಿರಬಹುದು, ಲ್ಯಾಬಲ್ಲಿ ಅಂಥವು ಬೇಕಾದಷ್ಟಿವೆ, ಬೇರೆ ಕೇಳಿ ತಗೊಳ್ಳಿ.