ಟೆಂಟಿನಲ್ಲಿ ಉಳಿಯುವ ಸಂಗೀತೋತ್ಸವಕ್ಕೆ ಯಾವ ಬ್ಯಾಗ್? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಅರುಣಾಚಲ ಪ್ರದೇಶದ ಜೀರೋ ಕಣಿವೆಯಲ್ಲಿ 2012ರಲ್ಲಿ ಶುರುವಾದ ಸಂಗೀತೋತ್ಸವಕ್ಕೆ ಈಗ ಕಾಸರಗೋಡು ಕಡೆಯ ಹುಡುಗ ಹುಡುಗಿಯರೂ ಹೊರಡುತ್ತಿದ್ದಾರೆ. ಸೆಪ್ಟೆಂಬರ್ ಕೊನೆಯ ಹೊತ್ತು, 1,500 ಮೀಟರಿಗೂ ಎತ್ತರದ ಜಾಗ, ಗದ್ದೆ ಬಯಲಿನ ಪಕ್ಕ ಟೆಂಟ್. ಹಗಲು ಮಳೆ ಬಂದರೂ ಬಂದೀತು, ರಾತ್ರಿ ಚಳಿ ಖಂಡಿತ. ಬ್ಯಾಗಿನ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ನಾನೂ ಗೆಳೆಯನೂ ಮೊದಲ ಸಲ ಜೀರೋಗೆ ಹೊರಟಿದ್ದೇವೆ. ನಾಲ್ಕು ದಿನ ಟೆಂಟಿನಲ್ಲೇ ವಾಸ. ಅಂಗಡಿಯವರು 70 ಲೀಟರಿನ ಬ್ಯಾಗ್ ತೆಗೆದುಕೊಳ್ಳಿ, ಜಾಗ ಹೆಚ್ಚಿದ್ದರೆ ಒಳ್ಳೆಯದೇ ಅನ್ನುತ್ತಾರೆ. ತೆಗೆದುಕೊಳ್ಳಲೇ?
– ಓದುಗರು, ಬದಿಯಡ್ಕ

ಬೇಡ. ನಿಮಗೆ 50ರಿಂದ 55 ಲೀಟರ್ ಸಾಕು. ಜಾಗ ಇದ್ದರೆ ಅದು ತುಂಬಿಯೇ ತುಂಬುತ್ತದೆ. ತುಂಬಿದ 70 ಲೀಟರಿನ ಬ್ಯಾಗ್ 16-17 ಕಿಲೋ ತೂಗುತ್ತದೆ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಬಿಡುವುದು 15 ಕಿಲೋ. ಹೊರುವ ಲೆಕ್ಕದಲ್ಲಿ ನೋಡಿದರೂ ಭಾರ ನಿಮ್ಮ ಮೈತೂಕದ ಐದನೇ ಒಂದು ಪಾಲಿನೊಳಗೆ ಇರಬೇಕು. 60 ಕಿಲೋದವರಿಗೆ 12 ಕಿಲೋ.

ಬ್ಯಾಗನ್ನು ಕೊನೆಗೆ ಕೊಳ್ಳಿ, ಸಾಮಾನನ್ನು ಮೊದಲು ಹೊಂದಿಸಿ. ಕೊಂಡುಹೋಗುವುದನ್ನೆಲ್ಲ ಚಾವಡಿಯಲ್ಲಿ ಹರಡಿ. ಮನೆಯಲ್ಲಿ 20 ಲೀಟರಿನ ಖಾಲಿ ಪೈಂಟ್ ಬಕೆಟ್ ಇದ್ದರೆ ಅದಕ್ಕೆ ಒತ್ತಿ ತುಂಬಿ ನೋಡಿ. ಎರಡೂವರೆ ಬಕೆಟ್ ಆಯಿತೆಂದರೆ 50 ಲೀಟರ್. ಮೂರು ಬಕೆಟ್ ದಾಟಿದರೆ ದೊಡ್ಡ ಬ್ಯಾಗ್ ಹುಡುಕುವ ಬದಲು ಸಾಮಾನು ಕಡಿಮೆ ಮಾಡಿ.

ತೂಕದ ಅಂದಾಜು ಹೀಗಿರುತ್ತದೆ. ಖಾಲಿ ಬ್ಯಾಗ್ ಒಂದೂವರೆಯಿಂದ ಎರಡು ಕಿಲೋ. ಇಬ್ಬರ ಟೆಂಟ್ ಎರಡೂವರೆಯಿಂದ ಮೂರು ಕಿಲೋ. ಅದನ್ನು ಒಬ್ಬರೇ ಹೊರಬೇಡಿ: ಒಬ್ಬರು ಬಟ್ಟೆಯ ಭಾಗ, ಇನ್ನೊಬ್ಬರು ಕೋಲು ಮತ್ತು ಗೂಟ. ಸಿಂಥೆಟಿಕ್ ಸ್ಲೀಪಿಂಗ್ ಬ್ಯಾಗ್ ಒಂದೂ ಕಾಲರಿಂದ ಒಂದೂವರೆ ಕಿಲೋ ಇದ್ದು, ಒತ್ತಿ ಕಟ್ಟಿದ ಮೇಲೂ ಸುಮಾರು 10 ಲೀಟರ್ ಜಾಗ ತಿನ್ನುತ್ತದೆ. ಫೋಮ್ ಮ್ಯಾಟ್ ಅರ್ಧ ಕಿಲೋದೊಳಗೇ ಇರುತ್ತದೆ, ಅದು ಹೊರಗಡೆ ಕಟ್ಟಲಿಕ್ಕೆ. ಬಟ್ಟೆ, ಸ್ವೆಟರ್, ಮಳೆಕೋಟು ಸೇರಿ ಮೂರು ಕಿಲೋ. ನೀರು ಒಂದು ಲೀಟರ್. ಸಣ್ಣಪುಟ್ಟದ್ದಕ್ಕೆ ಒಂದೂವರೆ ಕಿಲೋ. ಕೂಡಿಸಿದರೆ ಹನ್ನೊಂದರ ಆಸುಪಾಸು. ಕೆಸರಿಗೆ ಗಮ್‌ಬೂಟ್ ಬೇಕೇ ಬೇಕು, ಆದರೆ ಜೋಡಿಗೆ ಎರಡು ಕಿಲೋದಷ್ಟು ಭಾರ. ಹಾಗಾಗಿ ಅದು ಚೀಲದೊಳಗಲ್ಲ, ಕಾಲಲ್ಲೇ ಇರಲಿ.

ನನ್ನ ಎತ್ತರ ಐದಡಿ ಒಂದಿಂಚು. ಅಣ್ಣನ ಟ್ರೆಕ್ಕಿಂಗ್ ಬ್ಯಾಗ್ ಹಾಕಿ ಅರ್ಧ ಗಂಟೆ ನಡೆದರೆ ಭುಜ ಕಿತ್ತು ಬರುವಷ್ಟು ನೋವು. ಬ್ಯಾಗ್ ಹೆಸರುವಾಸಿ ಕಂಪನಿಯದೇ. ತಪ್ಪು ಎಲ್ಲಿದೆ?
– ಓದುಗರು, ಕುಂಬಳೆ

ನಿಮ್ಮ ಬೆನ್ನಿನ ಉದ್ದಕ್ಕೂ ಬ್ಯಾಗಿನ ಬೆನ್ನಿನ ಉದ್ದಕ್ಕೂ ತಾಳೆ ಇಲ್ಲ. ಬ್ಯಾಗ್ ಆರಿಸುವಾಗ ಎಲ್ಲರೂ ಲೀಟರ್ ಕೇಳುತ್ತಾರೆ, ಇದನ್ನು ಕೇಳುವವರು ಕಡಿಮೆ. ನೋವು ಬರುವುದೂ ಬಾರದಿರುವುದೂ ನಿರ್ಧಾರವಾಗುವುದು ಇಲ್ಲಿಯೇ.

ಅಳೆಯುವ ಕ್ರಮ: ತಲೆ ಬಗ್ಗಿಸಿ. ಕತ್ತಿನ ಬುಡದಲ್ಲಿ ಒಂದು ಗಂಟು ಎದ್ದು ಸಿಗುತ್ತದೆ, ಅದು ಮೇಲಿನ ಗುರುತು. ಈಗ ಸೊಂಟದ ಎರಡೂ ಬದಿಯ ಮೂಳೆಯ ಮೇಲೆ ಕೈಯಿಟ್ಟು, ಹೆಬ್ಬೆರಳು ಹಿಂದಕ್ಕೆ ಬರುವಂತೆ ನಿಲ್ಲಿ. ಎರಡು ಹೆಬ್ಬೆರಳ ನಡುವೆ ಗೆರೆ ಎಳೆದರೆ ಬೆನ್ನುಮೂಳೆಯನ್ನು ಎಲ್ಲಿ ದಾಟುತ್ತದೋ ಅದು ಕೆಳಗಿನ ಗುರುತು. ಟೇಲರ್ ಟೇಪನ್ನು ಬೆನ್ನಿನ ಬಾಗಿಗೆ ಹೊಂದಿಸಿ ಇನ್ನೊಬ್ಬರಿಂದ ಅಳೆಸಿ. ನಿಮ್ಮ ಎತ್ತರದವರಿಗೆ ಅದು 40ರಿಂದ 43 ಸೆಂಟಿಮೀಟರ್ ಇರುವ ಸಾಧ್ಯತೆ ಹೆಚ್ಚು. ಅಣ್ಣನ ಬ್ಯಾಗ್ 48-50ರದ್ದಾಗಿರಬೇಕು. ಆಗ ಸೊಂಟದ ಬೆಲ್ಟ್ ಜಾರಿ ಪೃಷ್ಠದ ಮೇಲೆ ಕೂರುತ್ತದೆ, ಇಡೀ ಭಾರ ಭುಜಕ್ಕೆ ನೇತುಬೀಳುತ್ತದೆ. ಸರಿಯಾಗಿ ಕೂತ ಬ್ಯಾಗಿನಲ್ಲಿ ಭಾರದ ಮುಕ್ಕಾಲು ಪಾಲು ಸೊಂಟದ ಮೇಲಿರುತ್ತದೆ.

ಆದರೆ ಅಣ್ಣನ ಬ್ಯಾಗನ್ನು ಈಗಲೇ ತೆಗೆದಿಡಬೇಡಿ. ಬೆನ್ನಿನ ಪ್ಯಾಡಿನ ಹಿಂದೆ ಏಣಿಯ ಹಾಗೆ ಅಡ್ಡಪಟ್ಟಿಗಳೋ ದೊಡ್ಡ ವೆಲ್ಕ್ರೋ ಹಾಳೆಯೋ ಇದ್ದರೆ ಭುಜದ ಪಟ್ಟಿಯನ್ನು ಕೆಳಗಿಳಿಸಬಹುದು. ಎಷ್ಟೋ ಮಂದಿ ಅದನ್ನು ಒಮ್ಮೆಯೂ ಬಿಚ್ಚಿ ನೋಡಿರುವುದಿಲ್ಲ.

ಹಾಕಿಕೊಳ್ಳುವುದಕ್ಕೂ ಕ್ರಮವಿದೆ. ಮೊದಲು ಎಲ್ಲ ಪಟ್ಟಿ ಸಡಿಲಿಸಿ. ಸೊಂಟದ ಮೂಳೆಯ ಮೇಲ್ತುದಿ ಬೆಲ್ಟಿನ ಅಗಲದ ನಡುವಿಗೆ ಬರುವಂತೆ ಇಟ್ಟು ಬಕಲ್ ಹಾಕಿ ಬಿಗಿಯಿರಿ. ಬಿಗಿದ ಮೇಲೂ ಮುಂದೆ ಎರಡು ಪ್ಯಾಡುಗಳ ತುದಿ ಒಂದಕ್ಕೊಂದು ತಾಗಬಾರದು, ತಾಗಿದರೆ ಬೆಲ್ಟ್ ನಿಮಗೆ ದೊಡ್ಡದು. ಆಮೇಲೆ ಭುಜದ ಪಟ್ಟಿ ಎಳೆಯಿರಿ: ಭುಜಕ್ಕೆ ತಾಗಿದರೆ ಸಾಕು, ಭಾರ ಎತ್ತುವಷ್ಟು ಬೇಡ. ಭುಜದ ಮೇಲಿಂದ ಬ್ಯಾಗಿಗೆ ಹೋಗುವ ಸಣ್ಣ ಪಟ್ಟಿ ಸುಮಾರು 45 ಡಿಗ್ರಿ ಓರೆಯಲ್ಲಿ ನಿಲ್ಲಬೇಕು. ಎದೆಯ ಪಟ್ಟಿ ಕೊನೆಗೆ, ಕೊರಳೆಲುಬಿಗಿಂತ ಎರಡು ಮೂರು ಬೆರಳು ಕೆಳಗೆ. ಭುಜಕ್ಕೂ ಪಟ್ಟಿಗೂ ನಡುವೆ ಸಂದು ಕಂಡರೆ ಬ್ಯಾಗಿನ ಬೆನ್ನು ನಿಮಗೆ ಇನ್ನೂ ಉದ್ದವೇ ಆಯಿತು.

ಹೊಸತು ಕೊಳ್ಳುವುದಾದರೆ ಆನ್‌ಲೈನಿನಲ್ಲಿ ಚಿತ್ರ ನೋಡಿ ತರಿಸಬೇಡಿ. ಮಂಗಳೂರಿಗೋ ಕಣ್ಣೂರಿಗೋ ಹೋಗಿ, ಬ್ಯಾಗಿನೊಳಗೆ ಹತ್ತು ಕಿಲೋ ಭಾರ ಇಡಿಸಿ, ಅಂಗಡಿಯಲ್ಲೇ ಕಾಲು ಗಂಟೆ ನಡೆದಾಡಿ. ಹೆಂಗಸರಿಗೆಂದೇ ಮಾಡಿದ ಬ್ಯಾಗುಗಳಲ್ಲಿ ಬೆನ್ನು ಗಿಡ್ಡ, ಭುಜದ ಪಟ್ಟಿ ಕಿರಿದು, ಬೆಲ್ಟಿನ ಓರೆಯೂ ಬೇರೆ. ನಿಮಗೆ ಅದೇ ಒಪ್ಪೀತು. ಹೊರಡುವುದಕ್ಕೆ ಎರಡು ವಾರ ಮೊದಲು ಪೂರಾ ಭಾರ ಹೊತ್ತು ಒಮ್ಮೆ ಪೊಸಡಿ ಗುಂಪೆ ಗುಡ್ಡ ಹತ್ತಿ ಇಳಿಯಿರಿ. ಉಜ್ಜುವ ಜಾಗ, ಜಾರುವ ಪಟ್ಟಿ ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಬ್ಯಾಗಿನ ಜೊತೆ ರೈನ್ ಕವರ್ ಕೊಟ್ಟಿದ್ದಾರೆ. ಅಷ್ಟಿದ್ದರೆ ಒಳಗಿನ ಬಟ್ಟೆ ಒದ್ದೆಯಾಗುವುದಿಲ್ಲ ತಾನೇ?
– ಓದುಗರು, ಪೆರ್ಲ

ಆಗುತ್ತದೆ. ನಮ್ಮ ಕರ್ಕಾಟಕದ ಮಳೆ ಕಂಡವರಿಗೆ ಇದು ಬೇಗ ಅರ್ಥವಾದೀತು. ಕವರ್ ಮುಚ್ಚುವುದು ಹೊರಮೈಯನ್ನು ಮಾತ್ರ, ಬೆನ್ನಿನ ಬದಿ ತೆರೆದೇ ಇರುತ್ತದೆ. ತಲೆಗೆ ಬಿದ್ದ ನೀರು ಕತ್ತಿನ ಹಿಂದೆ ಇಳಿದು ಪಟ್ಟಿಗೂ ಬೆನ್ನಿನ ಫೋಮಿಗೂ ಸೇರುತ್ತದೆ, ಅಲ್ಲಿಂದ ಹೊಲಿಗೆಯ ತೂತುಗಳ ಮೂಲಕ ಒಳಗೆ. ಹೀಗೆ ಇಳಿದ ನೀರು ಕವರಿನ ಬುಡದಲ್ಲಿ ನಿಂತು ಸ್ಲೀಪಿಂಗ್ ಬ್ಯಾಗ್ ಇರುವ ಕಡೆಯನ್ನೇ ನೆನೆಸುತ್ತದೆ. ಕವರಿನ ಬುಡದಲ್ಲಿ ನೀರು ಹರಿದುಹೋಗುವ ಸಣ್ಣ ತೂತು ಇದೆಯೇ ನೋಡಿ.

ನಂಬಬೇಕಾದ್ದು ಒಳಗಿನ ಪ್ಲಾಸ್ಟಿಕ್ಕನ್ನು. ಅಡಿಕೆ ತುಂಬುವ ಗೋಣಿಗೆ ಒಳಗಡೆ ಹಾಕುವ ದಪ್ಪ ತೊಟ್ಟೆ ಇದಕ್ಕೆ ಬಹಳ ಚೆನ್ನ. ಅಗಲ 60, ಉದ್ದ 100 ಸೆಂಟಿಮೀಟರಿನ ಆಸುಪಾಸು ಇದ್ದರೆ 50 ಲೀಟರಿನ ಬ್ಯಾಗಿಗೆ ಸರಿಹೋಗುತ್ತದೆ. ಹೊಸದನ್ನೇ ತನ್ನಿ, ಗೊಬ್ಬರದ ಚೀಲದ ತೊಟ್ಟೆ ಬೇಡ, ಎಷ್ಟು ತೊಳೆದರೂ ಉಪ್ಪಿನಂಶ ಉಳಿಯುತ್ತದೆ. ಬಳಸುವ ಮೊದಲು ಬೆಳಕಿಗೆ ಹಿಡಿದು ತೂತು ನೋಡಿ. ತೊಟ್ಟೆಯನ್ನು ಖಾಲಿ ಬ್ಯಾಗಿನೊಳಗೆ ಬಿಡಿಸಿಟ್ಟು ಬುಡಕ್ಕೆ ಸ್ಲೀಪಿಂಗ್ ಬ್ಯಾಗ್, ನಡುವೆ ಬೆನ್ನಿಗೆ ತಾಗಿ ಭಾರದ್ದು, ಅದರ ಸುತ್ತ ಬಟ್ಟೆ ತುಂಬಿ. ಮೊಣಕಾಲಿನಿಂದ ಒತ್ತಿ ಗಾಳಿ ತೆಗೆಯಿರಿ. ಬಾಯಿಯನ್ನು ಹತ್ತು ಸುತ್ತು ತಿರುಚಿ, ಮಡಚಿ, ಸೈಕಲ್ ಟ್ಯೂಬಿನ ತುಂಡಿನಿಂದ ಕಟ್ಟಿ. ಒದ್ದೆ ಟೆಂಟ್, ಮಳೆಕೋಟು, ಟಾರ್ಚ್ ಮಾತ್ರ ತೊಟ್ಟೆಯ ಹೊರಗೆ, ಮೇಲ್ಗಡೆ. ಭಾರವನ್ನು ಬುಡದಲ್ಲಿಟ್ಟರೆ ಬ್ಯಾಗ್ ಹಿಂದಕ್ಕೆ ಜಗ್ಗುತ್ತದೆ, ತೀರಾ ತುದಿಯಲ್ಲಿಟ್ಟರೆ ಕೆಸರಿನಲ್ಲಿ ನಡೆಯುವಾಗ ವಾಲುತ್ತದೆ.

ಇನ್ನೊಂದು ಗೋಣಿಯ ಉಪಯೋಗವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ನಹರ್ಲಾಗುನ್ ರೈಲು ನಿಲ್ದಾಣದಿಂದ ಜೀರೋಗೆ ಸುಮಾರು ನೂರು ಕಿಲೋಮೀಟರ್ ಗುಡ್ಡದ ದಾರಿ. ಹೆಚ್ಚಿನವರು ಹೋಗುವುದು ಶೇರ್ ಸುಮೋದಲ್ಲಿ, ಬ್ಯಾಗ್ ಅದರ ಮಾಡಿನ ಮೇಲೆ. ಓಡುವ ಗಾಡಿಯ ಗಾಳಿಗೆ ರೈನ್ ಕವರ್ ಹಾರಿಹೋಗುತ್ತದೆ, ಹಗ್ಗದ ಉಜ್ಜಿಗೆ ಬಟ್ಟೆ ಹರಿಯುತ್ತದೆ. ಅಕ್ಕಿ ಬರುವ ದೊಡ್ಡ ಪ್ಲಾಸ್ಟಿಕ್ ಗೋಣಿಯೊಳಗೆ ಇಡೀ ಬ್ಯಾಗನ್ನು ಇಳಿಸಿ ಬಾಯಿ ಕಟ್ಟಿದರೆ ಎರಡೂ ತಪ್ಪುತ್ತದೆ. ಒಂದರಲ್ಲಿ ಹಿಡಿಸದಿದ್ದರೆ ಎರಡು ಗೋಣಿ ಬಿಚ್ಚಿ ಸೇರಿಸಿ ಹೊಲಿಸಿ. ವಿಮಾನ ನಿಲ್ದಾಣದ ಬೆಲ್ಟಿನಲ್ಲಿ ಪಟ್ಟಿ ಸಿಕ್ಕಿಕೊಂಡು ಕಿತ್ತುಹೋಗುವುದೂ ನಿಲ್ಲುತ್ತದೆ.

ಗಲ್ಫಿನಿಂದ ಮಾವ ತಂದ ದೊಡ್ಡ ಟ್ರಾಲಿ ಬ್ಯಾಗ್ ಮನೆಯಲ್ಲಿದೆ. ಅದರಲ್ಲೇ ಸುಧಾರಿಸಬಹುದೇ?
– ಓದುಗರು, ಉಪ್ಪಳ

ಇಲ್ಲ. ಕೆಸರಿನಲ್ಲಿ ಚಕ್ರ ಉರುಳುವುದಿಲ್ಲ, ಕೈಯಲ್ಲಿ ಎತ್ತಿಕೊಂಡೇ ನಡೆಯಬೇಕಾಗುತ್ತದೆ. ದೊಡ್ಡ ಟ್ರಾಲಿ ಖಾಲಿಯಿರುವಾಗಲೇ ನಾಲ್ಕು ಕಿಲೋ ತೂಗುತ್ತದೆ, ಇಬ್ಬರ ಟೆಂಟಿನೊಳಗೆ ಅದನ್ನಿಟ್ಟರೆ ಒಬ್ಬರಿಗೆ ಕಾಲು ಚಾಚಲು ಜಾಗವಿರುವುದಿಲ್ಲ. ಟ್ರೆಕ್ಕಿಂಗ್ ಹೋಗುವ ಯಾರಿಂದಲಾದರೂ ಬ್ಯಾಗ್ ಎರವಲು ಪಡೆಯಿರಿ, ಬೆನ್ನಿನ ಅಳತೆ ನೋಡಿಕೊಂಡು.

ಮೇಲಿನಿಂದ ತೆರೆಯುವ ಬ್ಯಾಗ್ ಒಳ್ಳೆಯದೋ, ಮುಂದೆ ಜಿಪ್ ಇರುವುದೋ? ಬಟ್ಟೆ, ಜಿಪ್, ಬಕಲ್‌ಗಳಲ್ಲಿ ಏನು ನೋಡಬೇಕು? ವಿಮಾನದಲ್ಲಿ ಹೋಗುವುದರಿಂದ ಕಳ್ಳರ ಭಯಕ್ಕೆ ಬೀಗ ಹಾಕಬಹುದೇ?
– ಓದುಗರು, ಮಂಜೇಶ್ವರ

ದಿನವಿಡೀ ಹೊತ್ತು ನಡೆಯುವ ಚಾರಣಕ್ಕಾದರೆ ಮೇಲಿನಿಂದ ತೆರೆಯುವುದೇ ಸರಿ ಎನ್ನುತ್ತಿದ್ದೆವು. ಉತ್ಸವದಲ್ಲಿ ಬ್ಯಾಗ್ ಹೊರುವುದು ಗಾಡಿಯಿಂದ ಟೆಂಟಿನವರೆಗೆ. ಆಮೇಲೆ ಅದು ನಾಲ್ಕು ದಿನ ಟೆಂಟಿನ ಕಪಾಟು. ಕತ್ತಲೆಯಲ್ಲಿ ಬುಡದ ಸ್ವೆಟರ್ ಹುಡುಕಲು ಎಲ್ಲವನ್ನೂ ಹೊರಗೆ ಸುರಿಯುವಂತಾಗಬಾರದು. ಆದ್ದರಿಂದ ಮೇಲಿನ ಬಾಯಿಯ ಜೊತೆಗೆ ಮುಂದೆಯೂ ಜಿಪ್ ಇರುವ ಬ್ಯಾಗ್ ನಮ್ಮ ಆಯ್ಕೆ. ಆಗ ಒಂದೇ ದೊಡ್ಡ ತೊಟ್ಟೆಯ ಬದಲು ಸ್ಲೀಪಿಂಗ್ ಬ್ಯಾಗಿಗೊಂದು, ಬಟ್ಟೆಗೊಂದು, ಮರುಪ್ರಯಾಣದ ಒಣಬಟ್ಟೆಗೊಂದು ಹೀಗೆ ಮೂರು ಸಣ್ಣ ತೊಟ್ಟೆ ಮಾಡಿ.

ಜಿಪ್ ಲೋಹದ್ದಾಗಿದ್ದರೆ ಕಡಲ ಗಾಳಿಗೆ ಹಿಡಿದುಹೋಗುತ್ತದೆ, ನೈಲಾನ್ ಸುರುಳಿಯದೇ ಇರಲಿ. ಸ್ಲೈಡರಿನ ಹಿಂಬದಿಯಲ್ಲಿ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಮುಖ್ಯ ಜಿಪ್‌ಗೆ ಅದು 8 ಅಥವಾ 10 ಇರಬೇಕು. 5 ಇದ್ದರೆ ತುಂಬಿದ ಬ್ಯಾಗಿಗೆ ತಾಳದು. ಎಳೆದ ಮೇಲೆ ಹಿಂದೆ ಹಲ್ಲು ಬಾಯಿಬಿಟ್ಟರೆ ಸಾಮಾನ್ಯವಾಗಿ ಕೆಟ್ಟಿರುವುದು ಹಲ್ಲಲ್ಲ, ಸವೆದು ಅಗಲವಾದ ಸ್ಲೈಡರ್. ಇಕ್ಕಳದಿಂದ ಅದರ ಎರಡೂ ಅಂಚನ್ನು ಮೆಲ್ಲಗೆ ಒತ್ತಿದರೆ ಊರು ತಲುಪುವವರೆಗೆ ನಡೆಯುತ್ತದೆ.

ಬಟ್ಟೆಯ ನೂಲಿನ ದಪ್ಪವನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ: ಬ್ಯಾಗಿನ ಮೈಗೆ 210 ಡೆನಿಯರ್ ಸಾಕು, ಬುಡಕ್ಕೆ 420 ಅಥವಾ ಅದಕ್ಕಿಂತ ಹೆಚ್ಚು. ಭುಜದ ಪಟ್ಟಿ ಬ್ಯಾಗಿಗೆ ಸೇರುವಲ್ಲಿ ಹೊಲಿಗೆ ಒತ್ತೊತ್ತಾಗಿ ಅಡ್ಡ ಬಂದಿದೆಯೇ ನೋಡಿ. ಆ ಜಾಗವನ್ನು ಎರಡು ಹೆಬ್ಬೆರಳಿನಿಂದ ಬಿಡಿಸಿ ಎಳೆದಾಗ ಸೂಜಿಯ ತೂತಲ್ಲಿ ಬೆಳಕು ಕಂಡರೆ ಕೊಳ್ಳಬೇಡಿ. ಸೊಂಟದ ಬಕಲ್ ಅನ್ನು ಜನ ಕತ್ತಲೆಯಲ್ಲಿ ತುಳಿದು ಒಡೆಯುವುದು ಸಾಮಾನ್ಯ. ಅದೇ ಅಗಲದ, ಹೊಲಿಯದೆ ಪಟ್ಟಿ ತೂರಿಸಬಹುದಾದ ಬಕಲ್ ಒಂದು ಜೊತೆಗಿರಲಿ. ಟೆಂಟಿನೊಳಗೆ ಬೆಲ್ಟನ್ನು ಬ್ಯಾಗಿನ ಹಿಂದಕ್ಕೆ ಸುತ್ತಿ ಬಕಲ್ ಹಾಕಿಟ್ಟರೆ ತುಳಿಯುವ ಪ್ರಸಂಗವೇ ಬರುವುದಿಲ್ಲ.

ವಿಮಾನಕ್ಕೆ ಕೊಡುವಾಗ ಜಿಪ್‌ಗೆ ಸಣ್ಣ ಬೀಗ ಹಾಕಿ. ಟೆಂಟಿಗೆ ಹಾಕಬೇಡಿ, ಬೀಗ ಕಂಡರೆ ಒಳಗೆ ಬೆಲೆಬಾಳುವುದಿದೆ ಎಂದು ತಿಳಿಯುತ್ತದೆ, ಬಟ್ಟೆಯ ಗೋಡೆ ಕೊಯ್ಯಲು ಬ್ಲೇಡು ಸಾಕು. ದುಡ್ಡು, ಫೋನು, ಗುರುತಿನ ಚೀಟಿ, ಅರುಣಾಚಲದೊಳಗೆ ಹೋಗಲು ಹೊರರಾಜ್ಯದವರಿಗೆ ಬೇಕೇ ಬೇಕಾದ ಅನುಮತಿಪತ್ರದ (ಇನ್ನರ್ ಲೈನ್ ಪರ್ಮಿಟ್) ಪ್ರತಿ, ಇವಿಷ್ಟಕ್ಕೆ 15 ಲೀಟರಿನ ಮಡಚುವ ಸಣ್ಣ ಬ್ಯಾಗ್ ಬೇರೆ ಇರಲಿ. ಜನಜಂಗುಳಿಯಲ್ಲಿ ಅದನ್ನು ಎದೆಗೆ ಹಾಕಿಕೊಳ್ಳಿ, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲ ಬಳಿ ಇಡಿ. ಪವರ್‌ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು; 20,000 ಎಂಎಎಚ್‌ನದ್ದು 74 ವ್ಯಾಟ್‌ಅವರ್, 100ರ ಮಿತಿಯೊಳಗೆ ಬರುತ್ತದೆ. ಟೆಂಟಿನ ಗೂಟ, ಚಾಕು ದೊಡ್ಡ ಬ್ಯಾಗಿಗೆ. ಗ್ಯಾಸ್ ಕ್ಯಾನ್, ಲೈಟರ್ ಎರಡರಲ್ಲೂ ಬಿಡುವುದಿಲ್ಲ.

ಅಟ್ಟದಲ್ಲಿದ್ದ ಹಳೆಯ ರಕ್‌ಸ್ಯಾಕ್ ತೆಗೆದರೆ ಒಳಮೈ ಅಂಟಂಟಾಗಿದೆ, ಬಿಳಿ ಹೊಪ್ಪಳೆ ಏಳುತ್ತಿದೆ, ಹುಳಿ ವಾಸನೆ. ಬಿಸಾಡಬೇಕೇ?
– ಓದುಗರು, ಮುಳ್ಳೇರಿಯ

ಬಿಸಾಡುವ ಮೊದಲು ಹೊರಬಟ್ಟೆಯನ್ನು ಜೋರಾಗಿ ಎಳೆದು ನೋಡಿ. ಹರಿಯದಿದ್ದರೆ ಬ್ಯಾಗ್ ಉಳಿಯುತ್ತದೆ. ನೀರು ತಡೆಯಲು ಒಳಮೈಗೆ ಬಳಿದ ಪಾಲಿಯುರೆಥೇನ್ ಪದರ ನಮ್ಮ ಕಡೆಯ ತೇವಕ್ಕೂ ಸೆಕೆಗೂ ಒಡೆದು ಅಂಟಾಗುತ್ತದೆ, ಅಟ್ಟದಲ್ಲಿಟ್ಟರೆ ಇನ್ನೂ ಬೇಗ. ಅದನ್ನು ಸರಿಮಾಡಲು ಬರುವುದಿಲ್ಲ, ತೆಗೆದುಹಾಕಬಹುದು. ಬ್ಯಾಗನ್ನು ಒಳಹೊರಗು ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬಟ್ಟೆ ಅದ್ದಿ ಗಟ್ಟಿಯಾಗಿ ಉಜ್ಜಿ, ಕೆರೆದು ತೆಗೆಯಿರಿ. ಕಿಟಕಿ ಬಾಗಿಲು ತೆರೆದಿರಲಿ, ಹತ್ತಿರ ಒಲೆಯೂ ದೀಪವೂ ಬೇಡ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸಾಬೂನು ಹಾಕಿ ತೊಳೆದು ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಮಳೆ ತಡೆಯುವ ಗುಣ ಹೋಗಿರುತ್ತದೆ, ಒಳಗೆ ತೊಟ್ಟೆ ಹಾಕಿದರೆ ಅದರ ಕೊರತೆ ಕಾಣದು. ಬೆನ್ನಿನ ಫೋಮ್ ಒತ್ತಿದಲ್ಲಿ ಹಾಗೆಯೇ ಕುಳಿಬಿದ್ದು ಪುಡಿಯಾಗುತ್ತಿದ್ದರೆ ಮಾತ್ರ ಆಸೆ ಬಿಡಿ. ಉಳಿಸಿಕೊಂಡರೆ ಮತ್ತೆ ಅಟ್ಟಕ್ಕೆ ಏರಿಸದೆ, ಎಲ್ಲ ಜಿಪ್ ತೆರೆದು, ಗೋಡೆಗೆ ತಾಗದಂತೆ ಕೋಣೆಯೊಳಗೆ ತೂಗುಹಾಕಿ.